ವಸಂತ ನೆಟ್ಟವರು

ಫೆಬ್ರವರಿ ಬಂತು ಅಂದ್ರೆ ಬೆಂಗಳೂರಿನ ಯಾವ ಆಫೀಸಿನ ವಾಟ್ಸಾಪ್ ಗುಂಪು ತೆಗೆದರೂ ಒಂದು ಗುಲಾಬಿ ಬಣ್ಣದ ಮರದ ಫೋಟೋ ಇದ್ದೇ ಇರುತ್ತೆ. ಮರದಲ್ಲಿ ಎಲೆ ಕಾಣೋದೇ ಇಲ್ಲ, ಬರೀ ಹೂವು. ಕೆಳಗೆ ಒಬ್ಬರು ‘ನಮ್ಮ ಬೆಂಗಳೂರಿನ ಚೆರ್ರಿ ಬ್ಲಾಸಂ’ ಅಂತ ಬರೀತಾರೆ. ಇನ್ನೊಬ್ಬರು ‘ಜಪಾನ್ ಟಿಕೆಟ್ ದುಡ್ಡು ಉಳೀತು’ ಅಂತಾರೆ. ಮೂರನೆಯವರು ಲೊಕೇಶನ್ ಕೇಳ್ತಾರೆ. ಆ ಮರ ಚೆರ್ರಿಯೂ ಅಲ್ಲ, ಜಪಾನಿನದ್ದೂ ಅಲ್ಲ. ಹೆಸರು ಟಬೆಬುಯಾ ರೋಸಿಯಾ. ತವರು ಮಧ್ಯ ಅಮೆರಿಕದ ಕಡೆ. ಎಲ್ ಸಾಲ್ವಡಾರ್ ಅನ್ನೋ ಪುಟ್ಟ ದೇಶಕ್ಕೆ ಅದು ರಾಷ್ಟ್ರೀಯ ವೃಕ್ಷ.

ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆ ‘ಗಿಟ್ ಬ್ಲೇಮ್’ ಗೊತ್ತಿರುತ್ತೆ. ಹಳೇ ಕೋಡಿನ ಒಂದು ಸಾಲು ವಿಚಿತ್ರವಾಗಿ ಕಂಡರೆ, ಅದನ್ನ ಯಾರು ಬರೆದದ್ದು, ಯಾವತ್ತು ಬರೆದದ್ದು ಅಂತ ತೋರಿಸೋ ಆಜ್ಞೆ ಅದು. ಹೆಸರು ಬ್ಲೇಮ್ ಅಂತಿದ್ರೂ ಬೈಯೋದಕ್ಕಷ್ಟೇ ಅಲ್ಲ, ಒಮ್ಮೊಮ್ಮೆ ಭೇಷ್ ಅನ್ನೋದಕ್ಕೂ ಬೇಕಾಗುತ್ತೆ. ಬೆಂಗಳೂರಿನ ವಸಂತದ ಮೇಲೆ ಹಾಗೆ ಗಿಟ್ ಬ್ಲೇಮ್ ಹಾಕಿದರೆ ಏನು ಸಿಗಬಹುದು? ವಸಂತ ತಾನಾಗಿ ಬರೋದಲ್ವಾ, ಅದನ್ನ ಯಾರಾದ್ರೂ ಮಾಡ್ತಾರಾ ಅಂತ ನೀವು ಕೇಳಬಹುದು. ಈ ಊರಿನ ಮಟ್ಟಿಗೆ, ಮಾಡಿದ್ದಾರೆ. ಗುಂಡಿ ತೋಡಿ, ಸಸಿ ಇಟ್ಟು, ಸುತ್ತ ಮುಳ್ಳು ಕಟ್ಟಿ, ನೀರು ಹೊತ್ತು ಮಾಡಿದ್ದಾರೆ.

ಅದಕ್ಕೂ ಮೊದಲು ಒಂದು ತಕರಾರು ಬಗೆಹರಿಸಿಕೊಳ್ಳೋಣ. ಫೆಬ್ರವರಿಯಲ್ಲಿ ವಸಂತ ಎಲ್ಲಿಂದ ಬಂತು? ಪಂಚಾಂಗದ ಪ್ರಕಾರ ಚೈತ್ರ, ವೈಶಾಖ ಎರಡು ತಿಂಗಳು ವಸಂತ ಋತು. ಟಬೆಬುಯಾ ಹೂ ಬಿಡೋದು ಶಿಶಿರ ಇನ್ನೂ ಮುಗಿಯದೇ ಇರುವಾಗ. ಹಿಮ ಕರಗಿ, ನೆಲ ಹಸಿಯಾಗಿ, ಹೂ ಅರಳೋ ವಸಂತ ಇಂಗ್ಲಿಷ್ ಪಠ್ಯಪುಸ್ತಕದ್ದು. ನಮ್ಮ ಬಯಲುಸೀಮೆಯ ವಸಂತ ಒಣಗೋ ಕಾಲ. ಮಳೆ ನಿಂತು ತಿಂಗಳುಗಳಾಗಿರುತ್ತೆ, ಕೆರೆಯ ತಳ ಕಾಣ್ತಿರುತ್ತೆ, ಮರಗಳು ನೀರು ಉಳಿಸೋಕೆ ಎಲೆ ಉದುರಿಸುತ್ತವೆ. ಎಲೆ ಇಲ್ಲದ ಕೊಂಬೆಯ ಹೂವು ದೂರದಿಂದಲೇ ಕಾಣುತ್ತೆ, ಜೇನಿಗೂ ಅನುಕೂಲ, ಹಕ್ಕಿಗೂ ಅನುಕೂಲ. ಎಷ್ಟೋ ಮರಗಳಲ್ಲಿ ಬೀಜ ಬಲಿತು ನೆಲಕ್ಕೆ ಬೀಳೋ ಹೊತ್ತಿಗೆ ಸರಿಯಾಗಿ ಮುಂಗಾರು ಬರುತ್ತೆ. ಬೆಂಗಳೂರಿನಲ್ಲಿ ವರ್ಷದ ಅತಿ ಬಿಸಿ ತಿಂಗಳು ಏಪ್ರಿಲ್. ಅಂದ್ರೆ ಪಂಚಾಂಗದ ವಸಂತ ನಮ್ಮ ಪಾಲಿಗೆ ಅರ್ಧಕ್ಕರ್ಧ ಬೇಸಿಗೆ.

ಪಂಚಾಂಗದ ಗಡಿಯಾರವೂ ಸ್ವಲ್ಪ ಜಾರಿದೆ, ಬಿಡಿ. ನಕ್ಷತ್ರ ಹಿಡಿದು ಲೆಕ್ಕ ಹಾಕೋ ನಮ್ಮ ವರ್ಷ, ಋತುಗಳ ನಿಜವಾದ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಸರಿಸುಮಾರು 70 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತೆ. ಹೀಗೆ ಜಾರಿ ಜಾರಿ, ಡಿಸೆಂಬರ್ 21-22ಕ್ಕೆ ಸೂರ್ಯ ಉತ್ತರಕ್ಕೆ ತಿರುಗಿದ್ರೂ ನಾವು ಎಳ್ಳು ಬೀರೋದು ಜನವರಿ 14-15ಕ್ಕೆ. ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿ ಇದನ್ನ ಸರಿಮಾಡಿ ಒಂದು ರಾಷ್ಟ್ರೀಯ ಪಂಚಾಂಗ ಮಾಡಿಕೊಟ್ಟಿತು, 1957ರ ಮಾರ್ಚ್ 22ರಿಂದ ಜಾರಿಗೂ ಬಂತು. ಸರ್ಕಾರಿ ಗೆಜೆಟ್ಟಿನಲ್ಲಿ ಆ ತಾರೀಖು ಈಗಲೂ ಇರುತ್ತೆ. ಹಬ್ಬಗಳು ಮಾತ್ರ ಹಳೇ ಲೆಕ್ಕದಲ್ಲೇ ನಡೀತಿವೆ. ಮರಗಳು ಎರಡನ್ನೂ ಓದಲ್ಲ.

ನಾನು ಬೆಳೆದದ್ದು ಶಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ವಸಂತ ಅನ್ನೋ ಪದವನ್ನ ಮನೆಯಲ್ಲಿ ಯಾರೂ ಬಳಸ್ತಿರಲಿಲ್ಲ, ಅದು ಕನ್ನಡ ಮೇಷ್ಟ್ರ ಪದ. ಮನೆಯಲ್ಲಿ ಹೇಳ್ತಿದ್ದದ್ದು ‘ಯುಗಾದಿ ಮುಂಚೆ’, ‘ಯುಗಾದಿ ಆದ್ಮೇಲೆ’ ಅಂತ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೊರಟು ಹೋದ ಮೇಲೆ ಹುಣಸೆಹಣ್ಣಿನ ಕೆಲಸ. ಮರ ಬಡಿದು ತಂದ ಹಣ್ಣನ್ನ ಜಗಲಿ ಮೇಲೆ ಸುರಿದ್ರೆ, ಓಣಿಯ ಹೆಂಗಸರೆಲ್ಲ ಸುತ್ತ ಕೂತು ಸಿಪ್ಪೆ, ನಾರು, ಬೀಜ ಬಿಡಿಸೋರು. ಕೈಗೆ ಹುಣಸೆ, ಬಾಯಿಗೆ ಊರ ಸುದ್ದಿ. ಬೀಜ ನಮ್ಮ ಪಾಲು. ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ್ರೆ ಚೌಕಾಬಾರಕ್ಕೆ ಆಗ್ತಿತ್ತು, ಹುರಿದರೆ ಮಧ್ಯಾಹ್ನ ಕಳೆಯೋವರೆಗೂ ಬಾಯಲ್ಲಿರ್ತಿತ್ತು. ಇದೇನೂ ಹಬ್ಬ ಅಲ್ಲ. ಹಣ್ಣು ತುಮಕೂರು ಮಂಡಿಗೆ ಹೋಗಿ ಸೊಸೈಟಿ ಸಾಲದ ಕಂತು ಕಟ್ಟಬೇಕಿತ್ತು. ಆದ್ರೂ ಅಮ್ಮ ಮಧ್ಯಾಹ್ನವಿಡೀ ಒಂದು ಕಡೆ ಕೂತು ನಗೋದನ್ನ ನಾನು ನೋಡಿದ್ದು ವರ್ಷದಲ್ಲಿ ಆ ಕೆಲವು ದಿನ ಮಾತ್ರ.

ಹೊಲದ ಬದುವಿನಲ್ಲಿ ಹೊಂಗೆ ಇತ್ತು. ‘ಹೊಂಗೆ ನೆರಳು ತಾಯಿ ಮಡಿಲು’ ಅನ್ನೋ ಗಾದೆ ಕೇಳಿದ್ದೀರಲ್ಲ. ಅದರಲ್ಲಿ ಉತ್ಪ್ರೇಕ್ಷೆ ಇಲ್ಲ. ಎಲ್ಲ ಮರ ಬೋಳಾಗಿರುವಾಗ ಹೊಂಗೆ ಎಲೆ ಉದುರಿಸಿ ಕೆಲವೇ ದಿನಕ್ಕೆ ಮತ್ತೆ ಚಿಗುರುತ್ತೆ. ಎಣ್ಣೆ ಹಚ್ಚಿದ ಹಾಗೆ ಹೊಳೆಯೋ ಎಳೆ ಹಸಿರು. ಅದರ ಹಿಂದೆಯೇ ತೆಳು ಗುಲಾಬಿ, ಬಿಳಿ ಮಿಶ್ರದ ಸಣ್ಣ ಹೂವು. ಬೆಳಗ್ಗೆ ಎದ್ದು ನೋಡಿದ್ರೆ ಮರದಡಿ ಅರಳು ಚೆಲ್ಲಿದಂತೆ. ಅಜ್ಜಿ ಅದನ್ನ ಪೊರಕೆಯಲ್ಲಿ ಒಟ್ಟುಮಾಡಿ ತಿಪ್ಪೆಗೆ ಹಾಕೋಳು. ಬೀಜದ ಎಣ್ಣೆ ಸೀಮೆಎಣ್ಣೆ ಬರೋಕೆ ಮುಂಚೆ ದೀಪಕ್ಕೆ, ಹಿಂಡಿ ಗೊಬ್ಬರಕ್ಕೆ, ಸೊಪ್ಪು ಹೊಲಕ್ಕೆ. ನೆರಳು ಮಾತ್ರ ಯಾರು ಬಂದ್ರೂ ಸಿಗ್ತಿತ್ತು.

ಯುಗಾದಿಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ನೇಗಿಲಿಗೆ ಪೂಜೆ ಮಾಡಿ, ಹೊಲದಲ್ಲಿ ನಾಲ್ಕು ಸಾಲು ಹೊಡೆಯೋರು. ಹೊನ್ನಾರು ಅಂತಾರೆ, ಕೆಲವು ಕಡೆ ಹೊನ್ನೇರು. ಹಿಂದಿನ ದಿನವೇ ಬೇವಿನ ಮರ ಹತ್ತಿ ಹೂ ತರೋದು ನಮ್ಮ ವಯಸ್ಸಿನವರ ಕೆಲಸ. ಮಾರನೇ ದಿನ ಹೊಸತೊಡಕು. ಆವತ್ತು ಮಾಂಸದ ಸಾರು ಕುದಿಯೋ ಮನೆಗಳಲ್ಲಿ ಬೆಳಗ್ಗೆಯಿಂದಲೇ ಗದ್ದಲ, ದೊಡ್ಡವರು ಇಸ್ಪೀಟಿಗೆ ಕೂತರೆ ಅವರನ್ನ ಎಬ್ಬಿಸೋಕೆ ಆಗ್ತಿರಲಿಲ್ಲ. ಸಂಜೆ ಎಲ್ಲರೂ ಪಡುವಣ ದಿಕ್ಕಿಗೆ ಮುಖ ಮಾಡಿ ಬಿದಿಗೆ ಚಂದ್ರನನ್ನ ಹುಡುಕೋದು. ಕೂದಲೆಳೆಯಂಥ ಚಂದ್ರ. ಮೊದಲು ಕಂಡವನು ಕೂಗ್ತಾನೆ, ಆಮೇಲೆ ಮನೆಮನೆಗೆ ಹೋಗಿ ಹಿರಿಯರ ಕಾಲಿಗೆ ಬೀಳೋದು. ಕಾಲಿಗೆ ಬಿದ್ದರೆ ಕೆಲವು ಅಜ್ಜಂದಿರು ಎಂಟಾಣೆ ಕೊಡೋರು, ಅದರಲ್ಲಿ ಯಾರು ಕೊಡ್ತಾರೆ ಅನ್ನೋ ಪಟ್ಟಿ ನಮ್ಮ ಹತ್ರ ಇತ್ತು.

ಈ ವಸಂತದ ಮೇಲೆ ಗಿಟ್ ಬ್ಲೇಮ್ ಹಾಕಿದ್ರೆ ಒಂದು ಹೆಸರೂ ಬರಲ್ಲ. ಬದುವಿನ ಹೊಂಗೆಯನ್ನ ತಾತನ ತಾತ ಹಾಕಿರಬಹುದು, ನೀರಲ್ಲಿ ತೇಲಿ ಬಂದ ಬೀಜವೂ ಇರಬಹುದು. ಹಾಗಂತ ಮನೆ, ಹಿತ್ತಲು, ಅಡುಗೆಯ ಸುಖವನ್ನ ನಮ್ಮವರು ಬರೆದಿಡಲಿಲ್ಲ ಅಂತಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಎರಡನೇ ಚಾವುಂಡರಾಯ 1025ರ ಸುಮಾರಿಗೆ ‘ಲೋಕೋಪಕಾರ’ ಅನ್ನೋ ಪುಸ್ತಕ ಬರೆದ. ಕನ್ನಡದಲ್ಲೇ. ನೀರು ಎಲ್ಲಿ ಸಿಗುತ್ತೆ, ಗಿಡಮರಗಳ ಆರೈಕೆ ಹೇಗೆ, ಸುಗಂಧ ಮಾಡೋದು ಹೇಗೆ, ಅಡುಗೆ ಹೇಗೆ, ಎಲ್ಲ ಇದೆ. ರಾಜರ ಯುದ್ಧ ಹೊಗಳಿ ಕಾವ್ಯ ಬರೆಯೋ ಕಾಲದಲ್ಲಿ ಒಬ್ಬ ಕೂತು ಗೃಹಸ್ಥನಿಗೆ ಬೇಕಾದ್ದನ್ನೆಲ್ಲ ಪಟ್ಟಿ ಮಾಡಿದ್ದಾನೆ. ಇವತ್ತಿನ ಯೂಟ್ಯೂಬಿನ ಟೆರೇಸ್ ಗಾರ್ಡನ್ ಚಾನೆಲ್ಲುಗಳಿಗೆಲ್ಲ ಆತನೇ ಮೂಲಪುರುಷ ಅಂದ್ರೆ ನಡೆಯುತ್ತೆ.

ಬೆಂಗಳೂರಿನ ಕಥೆಗೆ ಬರೋಣ. ಅದು ಶುರುವಾಗೋದು, ಸ್ವಲ್ಪ ಹೆಮ್ಮೆಯಿಂದಲೇ ಹೇಳ್ತೀನಿ, ನಮ್ಮ ಶಿರಾದಿಂದ. ಈಗ ಶಿರಾ ಅಂದ್ರೆ ಹೈವೇಯಲ್ಲಿ ಕಾಫಿಗೆ ಬಸ್ ನಿಲ್ಲೋ ಊರು ಅಷ್ಟೇ. 17ನೇ ಶತಮಾನದ ಕೊನೆಯಲ್ಲಿ ಅದು ಮೊಗಲರ ಒಂದು ಪ್ರಾಂತ್ಯದ ರಾಜಧಾನಿ. ಅಲ್ಲಿ ಮೊಗಲ್ ಶೈಲಿಯ ತೋಟ ಇತ್ತು. ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಶುರುಮಾಡಿದಾಗ ಆ ತೋಟವೇ ಮಾದರಿ ಅಂತ ಇತಿಹಾಸಕಾರರು ಹೇಳ್ತಾರೆ. ಟಿಪ್ಪು ಅದಕ್ಕೆ ಹೊರದೇಶಗಳಿಂದ ಗಿಡ, ಬೀಜ ತರಿಸಿದ. 1799ರಲ್ಲಿ ಟಿಪ್ಪು ಸತ್ತ ಮೇಲೆ ತೋಟ ಕೈಯಿಂದ ಕೈಗೆ ಹೋಗಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯ್ತು.

1874ರಲ್ಲಿ ಅದರ ಉಸ್ತುವಾರಿಗೆ ಬಂದವರು ಜಾನ್ ಕ್ಯಾಮರಾನ್. ಗಾಜಿನ ಮನೆ ಎದ್ದದ್ದು ಅವರ ಕಾಲದಲ್ಲಿ. ನನಗೆ ಅವರ ನೆನಪು ಬರೋದು ಅಡುಗೆಮನೆಯಲ್ಲಿ. ಮೆಕ್ಸಿಕೋ ಕಡೆಯ ಚೌಚೌ ಬಳ್ಳಿಯನ್ನ ಇಲ್ಲಿ ಬೆಳೆಸಿ ಹಬ್ಬಿಸಿದ ಹೆಸರು ಅವರದ್ದು. ತಮಿಳರು ಅದನ್ನ ಬೆಂಗಳೂರು ಕತ್ತರಿಕ್ಕಾಯ್ ಅಂತಾರೆ, ತೆಲುಗರು ಬೆಂಗಳೂರು ವಂಕಾಯ. ನಾವು ಮಾತ್ರ ಸೀಮೆಬದನೆಕಾಯಿ ಅಂದ್ವಿ, ಅಂದ್ರೆ ಪರದೇಶದ ಬದನೆ. ಸುತ್ತಮುತ್ತಲಿನವರೆಲ್ಲ ನಮ್ಮ ಊರಿನ ಹೆಸರು ಕೊಟ್ಟು ಕೂಗೋ ಕಾಯಿಯನ್ನ ನಾವು ಇನ್ನೂ ಪರದೇಶಿ ಅಂತಲೇ ಕರೀತಿದ್ದೀವಿ!

ಕ್ಯಾಮರಾನ್ ನಂತರ, 1908ರಲ್ಲಿ ಬಂದವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಗಿಟ್ ಬ್ಲೇಮ್‌ನಲ್ಲಿ ಅತಿ ಹೆಚ್ಚು ಸಾಲು ಸಿಗೋದು ಇವರ ಹೆಸರಲ್ಲಿ. 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಹತ್ತಿರ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡದ ಗಾಯಕವಾಡರಲ್ಲಿ ಕೆಲಸ ಮಾಡಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸಂಸ್ಥಾನಕ್ಕೆ ಬಂದರು. ಬೆಂಗಳೂರಿನ ರಸ್ತೆಗಳಿಗೆ ಸಾಲುಮರ ಆರಿಸುವಾಗ ಅವರದ್ದು ಅಂತ ಹೇಳೋ ಒಂದು ಯೋಚನೆ ಇದೆ: ಒಂದು ಜಾತಿಯ ಹೂವು ಮುಗಿಯೋ ಹೊತ್ತಿಗೆ ಇನ್ನೊಂದು ಜಾತಿ ಶುರುವಾಗಬೇಕು. ವರ್ಷದ ಯಾವ ದಿನ ಹೊರಗೆ ಬಂದ್ರೂ ಊರಿನ ಯಾವುದೋ ರಸ್ತೆಯಲ್ಲಿ ಯಾವುದೋ ಮರ ಹೂ ಬಿಟ್ಟಿರಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇಡೀ ಊರಿಗೆ ಒಂದು ಕ್ರಾನ್ ಜಾಬ್. ಸರ್ವರ್ ಮಾತ್ರ ಮರದ್ದು, ಹಾಕಿದವರು ಹೋದ ಮೇಲೂ ಓಡ್ತಾನೇ ಇದೆ.

ಇವತ್ತಿಗೂ ಲೆಕ್ಕ ಸರಿಯಾಗಿದೆ, ಬೇಕಾದ್ರೆ ಗಮನಿಸಿ. ಚಳಿ ಇರುವಾಗಲೇ ಗುಲಾಬಿ ಟಬೆಬುಯಾ. ಅದು ಮಾಸುವಾಗ ಅದರದೇ ನೆಂಟ ಹಳದಿ ಟಬೆಬುಯಾ, ಎಲೆ ಇಲ್ಲದ ಕೊಂಬೆ ತುಂಬ ಅರಿಶಿನ. ಆಮೇಲೆ ದಕ್ಷಿಣ ಅಮೆರಿಕದ ಜಕರಂದಾ, ನೀಲಿಯೂ ಅಲ್ಲದ ನೇರಳೆಯೂ ಅಲ್ಲದ ಬಣ್ಣ. ನಡುವೆ ನಮ್ಮ ಹೊಂಗೆ. ಬಿಸಿಲು ನೆತ್ತಿ ಸುಡೋ ಹೊತ್ತಿಗೆ ಮಡಗಾಸ್ಕರಿನ ಗುಲ್‌ಮೊಹರ್. ಶಾಲೆಗೆ ರಜಾ ಕೊಡೋ ಮರ ಅಂತ ನಾವು ಅದನ್ನ ಗುರುತಿಸ್ತಿದ್ದದ್ದು. ಕ್ರುಂಬಿಗಲ್ 1932ರಲ್ಲಿ ನಿವೃತ್ತರಾದರು, ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಅನ್ನೋ ಕಾರಣಕ್ಕೆ ಬಂಧನವನ್ನೂ ಕಂಡರು, ಆದ್ರೂ ವಾಪಸ್ ಹೋಗಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಲಾಲ್‌ಬಾಗ್ ಪಕ್ಕ ಒಂದು ರಸ್ತೆಗೆ ಅವರ ಹೆಸರಿದೆ. ಆಟೋದವರಿಗೆ ಆ ಹೆಸರು ಹೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಥರ ಉಚ್ಚಾರ ಮಾಡ್ತಾರೆ, ಜಾಗಕ್ಕೆ ಮಾತ್ರ ಸರಿಯಾಗಿ ಕರ್ಕೊಂಡು ಹೋಗ್ತಾರೆ.

ನಮ್ಮ ಹಳೇ ಕಾವ್ಯಗಳಲ್ಲಿ ಅಶೋಕ ಮರ ಹೂ ಬಿಡಬೇಕಾದರೆ ಸುಂದರಿಯೊಬ್ಬಳು ಕಾಲಿನಿಂದ ಒದೆಯಬೇಕು, ಬಕುಳಕ್ಕೆ ಬಾಯಲ್ಲಿ ಮದ್ಯ ತುಂಬಿ ಉಗುಳಬೇಕು. ದೋಹದ ಅಂತ ಅದಕ್ಕೆ ಹೆಸರು. ಕವಿಗಳು ಗಿಡಕ್ಕೆ ನೀರು ಹಾಕಿದವರಲ್ಲ ಅಂತ ಇದರಿಂದ ಗೊತ್ತಾಗುತ್ತೆ. ಬೀದಿ ಬದಿ ಸಸಿಗೆ ಬೇಕಾದ ದೋಹದ ಬೇರೆ: ಮೊದಲ ಎರಡು ಬೇಸಿಗೆ ಬಿಂದಿಗೆ ನೀರು, ದನ ಬಾಯಿ ಹಾಕದ ಹಾಗೆ ಬೇಲಿ.

ಈ ಎರಡನೆಯ ಕೆಲಸವನ್ನ ದೊಡ್ಡ ಮಟ್ಟದಲ್ಲಿ ಮಾಡಿದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ. 1980ರ ದಶಕದ ಹೊತ್ತಿಗೆ ಕಾರ್ಖಾನೆ, ಹೊಸ ಬಡಾವಣೆ ಅಂತ ಊರು ಬೋಳಾಗ್ತಾ ಬಂದಿತ್ತು. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ ನಗರಕ್ಕೆ ಹಸಿರು ತರೋ ಕೆಲಸ ಇವರಿಗೆ ಬಂತು. 1982ರಿಂದ ಐದು ವರ್ಷದಲ್ಲಿ ಸುಮಾರು 15 ಲಕ್ಷ ಸಸಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಅಂತ ಒಂದು ಕಡೆ ಗುಡ್ಡೆ ಹಾಕಿದ್ದಲ್ಲ, ಸಾಮಾನ್ಯ ಜನ ಇರೋ ಬಡಾವಣೆಗಳ ಬೀದಿಯಲ್ಲಿ. ಇವತ್ತು ನಾವು ಫೋಟೋ ತೆಗೆಯೋ ಎಷ್ಟೋ ಮರಗಳ ವಯಸ್ಸು ನೂರರ ಹತ್ತಿರ ಏನಲ್ಲ, ನಮ್ಮದೇ ವಯಸ್ಸು. ನಾನು ಹಳ್ಳಿಯಲ್ಲಿ ಹುಣಸೆಬೀಜ ಉಜ್ಜುತ್ತಿದ್ದ ಕಾಲಕ್ಕೆ ಇಲ್ಲಿ ಅವು ಇನ್ನೂ ಬೇಲಿಯೊಳಗೇ ಇದ್ದವು. ನೇಗಿನಹಾಳರು 2021ರಲ್ಲಿ ತೀರಿಕೊಂಡರು. ‘ನಮ್ಮ ಚೆರ್ರಿ ಬ್ಲಾಸಂ’ ಅನ್ನೋ ಗುಂಪುಗಳಲ್ಲಿ ಆ ಹೆಸರು ಹಾಕಿದ್ರೆ ಯಾರಿಗೂ ನಷ್ಟ ಇಲ್ಲ.

ಇನ್ನು ಸಸಿಗೆ ನೀರು ಹಾಕಿದವರು, ಗುಂಡಿ ತೋಡಿದವರು? ಅವರ ಹೆಸರಿನ ರಸ್ತೆ ನಾನಂತೂ ಕಂಡಿಲ್ಲ. ಆದರೆ ಅವರ ಹಬ್ಬ ಇದೆ. ಬೆಂಗಳೂರಿನ ನಿಜವಾದ ವಸಂತೋತ್ಸವ ಯಾವುದು ಅಂತ ಕೇಳಿದ್ರೆ ನಾನು ಕರಗ ಅಂತೀನಿ. ಚೈತ್ರ ಹುಣ್ಣಿಮೆ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡೋ ಹೂವಿನ ಕರಗ. ನಡೆಸೋರು ತಿಗಳರು, ಅಂದ್ರೆ ಹೂವು, ಹಣ್ಣು, ತರಕಾರಿ ಬೆಳೆದು ಈ ಪೇಟೆಗೆ ತಿನ್ನಿಸಿದ ತೋಟಗಾರರು. ಕರಗ ಹೊರೋರು ದ್ರೌಪದಿಯಾಗಿ ಸೀರೆ ಉಟ್ಟು, ಬಳೆ ತೊಟ್ಟು, ತಲೆ ಮೇಲೆ ಮಲ್ಲಿಗೆಯ ಗೋಪುರ ಹೊತ್ತು, ಕೈಯಲ್ಲಿ ಮುಟ್ಟದೆ ಕುಣೀತಾ ಬರ್ತಾರೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಕರಗ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತೆ. ನಡುರಾತ್ರಿ ಆ ಗಲ್ಲಿಯಲ್ಲಿ ನಿಂತ್ಕೊಂಡ್ರೆ ಮೊದಲು ಬರೋದು ತಮಟೆ ಸದ್ದಲ್ಲ, ಮಲ್ಲಿಗೆ ವಾಸನೆ. ಏಪ್ರಿಲ್ ಸೆಖೆಗೆ ಅಷ್ಟು ಮಲ್ಲಿಗೆ ಒಟ್ಟಿಗೆ ಇನ್ನೆಲ್ಲೂ ಸಿಗಲ್ಲ.

ಆ ತೋಟಗಳು ಎಲ್ಲಿ ಹೋದವು ಅಂತ ಕೇಳಬೇಡಿ. ಕರಗದ ಆಚರಣೆಗೆ ಸೇರಿದ ಸಂಪಂಗಿ ಕೆರೆಯ ಅಂಗಳದಲ್ಲೇ ಈಗ ಕಂಠೀರವ ಸ್ಟೇಡಿಯಂ ಇದೆ. ಕರಗದ ಶಾಸ್ತ್ರಕ್ಕೆ ಬೇಕು ಅಂತ ಪಕ್ಕದಲ್ಲಿ ಒಂದು ಪುಟ್ಟ ಕೊಳ ಉಳಿಸಿದ್ದಾರೆ. ಕೆರೆ ಹೋಗಿದೆ, ತೋಟ ಹೋಗಿದೆ, ತೋಟಗಾರರ ಹಬ್ಬ ವರ್ಷ ವರ್ಷ ಬರುತ್ತೆ. ಮೆರವಣಿಗೆ ನೋಡೋಕೆ ಬಂದ ನಮ್ಮಂಥವರಲ್ಲಿ ಎಷ್ಟು ಜನಕ್ಕೆ ಇದು ತೋಟಗಾರರದ್ದು ಅಂತ ಹೊಳೆಯುತ್ತೋ.

ಮನೆಯಂಗಳದ ವಸಂತಕ್ಕೂ ಒಂದು ಇತಿಹಾಸ ಇದೆ, ಅದು ಅಷ್ಟು ಸುಖದ್ದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಒತ್ತೊತ್ತು ಮನೆಗಳಿಂದ ಜನ ಹೊರಗೆ ಬಂದದ್ದು ಆ ದಶಕದಲ್ಲಿ ಎದ್ದ ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳಿಗೆ. ಅಗಲ ರಸ್ತೆ, ಗಾಳಿ ಬೆಳಕು, ಮನೆಗೊಂದು ಕಾಂಪೌಂಡು, ಕಾಂಪೌಂಡಿನಲ್ಲಿ ತೆಂಗು, ಮಾವು, ಸಂಪಿಗೆ, ಪಾರಿಜಾತ. ಮಲ್ಲೇಶ್ವರದ ಎರಡು ಮುಖ್ಯ ರಸ್ತೆಗಳ ಹೆಸರು ನೋಡಿ: ಒಂದು ಸಂಪಿಗೆ ರಸ್ತೆ, ಇನ್ನೊಂದು ಮಾರ್ಗೋಸಾ ರಸ್ತೆ. ಮಾರ್ಗೋಸಾ ಅಂದ್ರೆ ಬೇವು. ರೋಗಕ್ಕೆ ಹೆದರಿ ಓಡಿ ಬಂದವರು ಕಟ್ಟಿಕೊಂಡ ಬದುಕಿನಲ್ಲಿ ಹಿತ್ತಲು ಅನ್ನೋದು ಶೋಕಿ ಆಗಿರಲಿಲ್ಲ.

ರಾಮನವಮಿ ಪಾನಕ, ಕೋಸಂಬರಿ, ನೀರುಮಜ್ಜಿಗೆ ಬೀದಿಗೆ ಬಂದು ದಾರಿಹೋಕರಿಗೆಲ್ಲ ಸಿಗೋ ಪದ್ಧತಿಯೂ ಇಂಥ ಬಡಾವಣೆಗಳಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ. ಕೋಸಂಬರಿಗೆ ಹುಳಿ ಮಾವಿನಕಾಯಿ ತುರಿದು ಹಾಕೋಕೆ ಆಗೋದು ಈ ದಿನಗಳಲ್ಲೇ. ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸ್ತಾ ಬಂದಿದೆ. ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಸಂಜೆ ಗಾಳಿಗೆ ಕೂತ್ರೆ, ಸಂಗೀತದ ಗಂಧ ಇಲ್ಲದ ನನ್ನಂಥವನಿಗೂ ಎದ್ದು ಬರೋಕೆ ಮನಸ್ಸಾಗಲ್ಲ. ಗೆಳೆಯ ಒಬ್ಬ ರಾಗ ಗುರುತಿಸ್ತಾನೆ, ನಾನು ಹೂಂಗುಟ್ತೀನಿ, ಇಬ್ಬರೂ ಹೊರಗೆ ಬಂದು ಬೋಂಡಾ ತಿಂತೀವಿ. ಮಾವಿನಹಣ್ಣು ಪೂರ್ತಿ ಬರೋ ಹೊತ್ತಿಗೆ ಹಾಪ್‌ಕಾಮ್ಸ್ ಅಂಗಡಿ ಮುಂದೆ ನಿಲ್ತೀವಿ. ಬಾದಾಮಿಯೋ ರಸಪೂರಿಯೋ ಅಂತ ಅಲ್ಲೊಂದು ಜಗಳ, ನನ್ನ ಮತ ರಸಪೂರಿಗೆ. ಆ ಸಹಕಾರಿ ಸಂಸ್ಥೆ ಹುಟ್ಟಿದ್ದು 1959ರಲ್ಲಿ, ದ್ರಾಕ್ಷಿ ಬೆಳೆಗಾರರ ಸಂಘವಾಗಿ. ಹಿಂದೆ ಇದ್ದವರು ತೋಟಗಾರಿಕೆಯ ಡಾ. ಎಂ. ಎಚ್. ಮರಿಗೌಡ. ಗಿಟ್ ಬ್ಲೇಮ್‌ನಲ್ಲಿ ಅವರ ಹೆಸರೂ ದಪ್ಪಕ್ಷರದಲ್ಲೇ ಬರಬೇಕು.

ಈಗ ನಮ್ಮ ಅಪಾರ್ಟ್‌ಮೆಂಟಿನ ವಿಷಯ. ಊರ ಹೊರಗೆ ಹತ್ತು ವರ್ಷದ ಹಿಂದೆವರೆಗೂ ರಾಗಿ ಹೊಲ ಇದ್ದ ಜಾಗ. ಗೇಟಿನ ಪಕ್ಕ ಒಂದು ಹೊಂಗೆ ಮರ ಇದೆ, ಹೊಲದ ಬದುವಿನಲ್ಲಿದ್ದದ್ದು ಹಾಗೇ ಉಳಿದುಕೊಂಡಿದೆ. ಅದರಡಿ ಆರು ಕಾರು ನಿಲ್ಲುತ್ತವೆ. ಹೂ ಬಿಡೋ ಕಾಲದಲ್ಲಿ ಕಾರಿನ ಮೇಲೆಲ್ಲ ಹೂವು, ಅಂಟು, ಹಕ್ಕಿ ಹಿಕ್ಕೆ. ಮರ ಕಡಿಸಬೇಕು ಅಂತ ಸಭೆಗೆ ಅರ್ಜಿ ಬಂತು. ಕೊಟ್ಟವರು ಕೆಟ್ಟವರೇನಲ್ಲ. ಫೆಬ್ರವರಿಯಲ್ಲಿ ಗುಲಾಬಿ ಮರದ ಫೋಟೋ ಹಾಕೋರೇ. ಕಡಿಸಿದ ಜಾಗಕ್ಕೆ ‘ಏನಾದ್ರೂ ಹೂವಿನ ಮರ’ ಹಾಕೋಣ ಅಂತಲೂ ಅದರಲ್ಲೇ ಬರೆದಿದ್ರು. ಹೊಂಗೆ ಬಿಡೋದು ಹೂವಲ್ಲ ಅನ್ನೋ ಹಾಗೆ! ‘ಹಿತ್ತಲ ಗಿಡ ಮದ್ದಲ್ಲ’ ಅಂತ ಸುಮ್ಮನೆ ಹೇಳಿದ್ದಲ್ಲ ಹಿರಿಯರು.

ವಿದೇಶಿ ಮರ ಬೇಡ, ದೇಶಿ ಮರವೇ ಇರಲಿ ಅನ್ನೋ ಜಗಳ ನನ್ನದಲ್ಲ. ಗುಲ್‌ಮೊಹರ್ ಇಲ್ಲದ ಬೇಸಿಗೆ ರಜೆ ನನಗೆ ಊಹೆಗೂ ಸಿಗಲ್ಲ, ಹಬ್ಬಕ್ಕೆ ಬಾಗಿಲಿಗೆ ಕಟ್ಟೋ ಚೆಂಡುಹೂವೂ ಮೆಕ್ಸಿಕೋದಿಂದಲೇ ಬಂದದ್ದು. ನಾನು ಸಭೆಯಲ್ಲಿ ಹೇಳಿದ್ದು ಎರಡೇ ಮಾತು. ಒಂದು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿ ಅನುಮತಿ ಇಲ್ಲದೆ ಮರಕ್ಕೆ ಕೊಡಲಿ ಹಾಕೋ ಹಾಗಿಲ್ಲ, ನಮ್ಮ ಜಾಗದಲ್ಲಿದ್ರೂ. ಇನ್ನೊಂದು, ಏಪ್ರಿಲ್ ಮಧ್ಯಾಹ್ನ ಆ ಆರು ಕಾರು ಬಿಟ್ಟು ಬೇರೆ ಯಾವ ಕಾರಿನ ಸ್ಟೇರಿಂಗ್ ಮುಟ್ಟಿದ್ರೂ ಕೈ ಸುಡುತ್ತೆ. ಎರಡನೇ ಮಾತಿಗೆ ಜಾಸ್ತಿ ತಲೆ ಅಲ್ಲಾಡಿತು. ಮೂರನೇ ಮಹಡಿಯ ಹಿರಿಯರೊಬ್ಬರು ಎದ್ದು ನಿಂತು, “ನನ್ನ ವಾಕಿಂಗ್ ಅಲ್ಲಿಗೇ ಮುಗಿಯೋದಪ್ಪ, ಅಲ್ಲಿ ಕಲ್ಲಿನ ಮೇಲೆ ಕೂತು ಮನೆಗೆ ಬರ್ತೀನಿ. ಮರ ತೆಗೆದ್ರೆ ನಾನೆಲ್ಲಿ ಕೂರ್ಲಿ?” ಅಂದ್ರು. ಸಭೆ ಆ ದಿನ ಏನನ್ನೂ ತೀರ್ಮಾನ ಮಾಡಲಿಲ್ಲ.

ಗುಡಿಸೋ ಕಷ್ಟ ನಿಜವಾಗಿ ಬೀಳೋದು ಕಾರಿನವರಿಗಲ್ಲ, ನಮ್ಮ ಸೆಕ್ಯೂರಿಟಿ ಅಣ್ಣನಿಗೆ. ಯಾದಗಿರಿ ಕಡೆಯವರು. ದಿನಾ ಬೆಳಗ್ಗೆ ಹೂವು ಗುಡಿಸಿ ಮೂಲೆಗೆ ಹಾಕ್ತಾರೆ. ನಿಮಗೆ ಇದರಿಂದ ತೊಂದರೆ ಅಲ್ವಾ ಅಣ್ಣ ಅಂತ ಕೇಳಿದೆ. “ಹೊಂಗಿ ಹೂವಿನ ಗೊಬ್ಬರ ಭಾಳ ಚಲೋ ಆಗ್ತದ್ರಿ ಸರ, ಹಿಂಗ ಚೆಲ್ಲಬ್ಯಾಡ್ರಿ” ಅಂದ್ರು. ಅಜ್ಜಿಯ ತಿಪ್ಪೆಗೂ ಯಾದಗಿರಿಗೂ ನಡುವೆ ನಾಲ್ಕು ನೂರು ಕಿಲೋಮೀಟರ್ ಆದ್ರೂ ಇರಬಹುದು, ಮಾತು ಒಂದೇ. ಆ ವರ್ಷದಿಂದ ಹೂವನ್ನ ಹಳೇ ಅಕ್ಕಿಚೀಲಗಳಲ್ಲಿ ತುಂಬಿ ಇಡ್ತಿದ್ದೀವಿ. ಟೆರೇಸಿನಲ್ಲಿ ಕುಂಡ ಇಟ್ಟಿರೋ ನಾಲ್ಕೈದು ಮನೆಯವರು ಒಯ್ತಾರೆ. ಅರ್ಜಿಗೆ ಸಹಿ ಹಾಕಿದ್ದ ಒಬ್ಬರು ಈಗ ಮಲ್ಲಿಗೆ ಕುಂಡಕ್ಕೆ ಅದೇ ಗೊಬ್ಬರ ಹಾಕ್ತಾರೆ. ಆದ್ರೆ ಕಾರು ತೊಳೆಯೋ ಬಿಲ್ಲನ್ನೂ ಸಂಘದ ಮೇಲ್‌ಗೆ ಕಳಿಸ್ತಾನೇ ಇದ್ದಾರೆ.

ಕಳೆದ ವರ್ಷ ಹೊಸತೊಡಕಿನ ಸಂಜೆ ಐದಾರು ಜನ ಗೆಳೆಯರು ಟೆರೇಸ್ ಹತ್ತಿದ್ವಿ. ಒಬ್ಬಳು ಧಾರವಾಡದವಳು, ಒಬ್ಬ ಮಂಗಳೂರಿನವನು, ಇನ್ನೊಬ್ಬ ಕಾನ್ಪುರದವನು. ಅವನಿಗೆ ಹೋಳಿ ಗೊತ್ತು, ಬಿದಿಗೆ ಚಂದ್ರ ಗೊತ್ತಿಲ್ಲ. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಂದಿದ್ವಿ. ಸುತ್ತ ಎದ್ದಿರೋ ಟವರುಗಳ ಸಂದಿಯಲ್ಲಿ ಪಡುವಣ ದಿಕ್ಕು ಸಿಗೋದೇ ಕಷ್ಟ. ಫೋನಿನ ಆ್ಯಪ್ ಹಿಡಿದು ಇಲ್ಲಿದ್ದಾನೆ, ಅಲ್ಲಿದ್ದಾನೆ ಅಂತ ಎಲ್ಲರೂ ತೋರಿಸ್ತಿರುವಾಗ ಕಾನ್ಪುರದವನೇ ಮೊದಲು ಕಂಡ. ಯಾರ ಕಾಲಿಗೆ ಬೀಳೋದು ಅಂತ ಕೇಳಿದ. ಟೆರೇಸಿನಲ್ಲಿ ನಮಗಿಂತ ಹಿರಿಯರು ಯಾರೂ ಇರಲಿಲ್ಲ, ಕೆಳಗೆ ಹೋಗಿ ಮೂರನೇ ಮಹಡಿಯ ಬೆಲ್ ಒತ್ತಿದ್ವಿ. ಅವರು ಮೊದಲು ಗಾಬರಿಯಾಗಿ, ಆಮೇಲೆ ಒಳಗೆ ಹೋಗಿ ಒಬ್ಬೊಬ್ಬರಿಗೂ ಹತ್ತು ರೂಪಾಯಿ ತಂದುಕೊಟ್ಟರು.

ಮರದ ಅರ್ಜಿ ಇನ್ನೂ ಹಾಗೇ ಇದೆ. ಈ ವರ್ಷದ ಸಾಮಾನ್ಯ ಸಭೆ ಯುಗಾದಿ ಆದ ಮೂರನೇ ಭಾನುವಾರ ಇಟ್ಟಿದ್ದಾರೆ, ಅಜೆಂಡಾದಲ್ಲಿ ಏಳನೇ ವಿಷಯ. ಕ್ಲಬ್‌ಹೌಸಿನ ಎಸಿ ಕೆಟ್ಟಿದೆಯಂತೆ. ಹಾಗಾದ್ರೆ ಹೊರಗೆ, ಮರದಡಿ ಕುರ್ಚಿ ಹಾಕೋಣ ಅಂತ ನಾನು ಗುಂಪಿನಲ್ಲಿ ಬರೆದಿದ್ದೀನಿ. ಹದಿನೆಂಟು ಜನ ಹೂಂ ಅಂದಿದ್ದಾರೆ.